ಬಣ್ಣಕ್ಕಿಂತ ಮೊದಲು ಗೋಡೆ

ಮನೆಗೆ ಬಣ್ಣ ಮಾಡಿಸಬೇಕೆಂದು ಸಂಕಲ್ಪಿಸಿದ ಗೃಹಸ್ಥರಿಂದ ನನಗೆ ಬರುವ ಪತ್ರಗಳಲ್ಲಿ ಊರು ಬೇರೆ, ಮನೆಯ ವಯಸ್ಸು ಬೇರೆ, ಕೈಯಲ್ಲಿರುವ ಹಣದ ಪ್ರಮಾಣ ಬೇರೆಯಾಗಿದ್ದರೂ ಪ್ರಶ್ನೆ ಮಾತ್ರ ಒಂದೇ: ಯಾವ ಬಣ್ಣ ಒಳ್ಳೆಯದು? ಅಂಗಡಿಯಲ್ಲಿ ಮುಂದಿಡುವ ವರ್ಣಪುಸ್ತಿಕೆಯಲ್ಲಿ ಸಾವಿರಕ್ಕೂ ಮೀರಿದ ಛಾಯೆಗಳಿದ್ದು, ಮೆಚ್ಚಿದ ಛಾಯೆಯನ್ನು ಯಂತ್ರವು ಕೆಲವೇ ನಿಮಿಷಗಳಲ್ಲಿ ಬೆರೆಸಿಕೊಡುವ ಈ ಕಾಲದಲ್ಲಿ, ಆ ಪುಸ್ತಿಕೆಯ ಒಂದು ಪುಟವಾದರೂ ನಮ್ಮ ಗೋಡೆ ಯಾವುದರಿಂದ ಕಟ್ಟಿದ್ದು, ಅದರೊಳಕ್ಕೆ ನೀರು ಎಲ್ಲಿಂದ ಬರುತ್ತದೆ, ಬಂದ ನೀರು ಯಾವ ದಾರಿಯಿಂದ ಹೊರಗೆ ಹೋಗಬೇಕು ಎಂಬುದನ್ನು ವಿಚಾರಿಸುವುದಿಲ್ಲ. ವಿಚಾರಿಸಬೇಕಾದದ್ದು ಮೊದಲು ಅದನ್ನೇ ಎಂಬುದು, ಹಲವು ಮನೆಗಳ ಗೋಡೆಗಳನ್ನು ಕೈಯಿಂದ ಮುಟ್ಟಿ, ತಟ್ಟಿ, ಕೆರೆದು ನೋಡಿದ ಮೇಲೆ ನನ್ನಲ್ಲಿ ನೆಲೆನಿಂತ ಅಭಿಪ್ರಾಯ. ತನ್ನಷ್ಟಕ್ಕೆ ತಾನೇ ಒಳ್ಳೆಯದೆನಿಸುವ ಬಣ್ಣವೆಂಬುದು ಇಲ್ಲ. ಇಂಥ ಗೋಡೆಗೆ ಇಂಥದು ಹಿತ, ಇಂಥದು ಅಹಿತ ಎಂಬುದಷ್ಟೇ ಉಂಟು.

ಡಬ್ಬಿಯೊಳಗೆ ಇರುವುದೇನೆಂದು ತಿಳಿದರೆ ಅರ್ಧ ಗೊಂದಲ ಅಲ್ಲಿಗೇ ಪರಿಹಾರವಾಗುತ್ತದೆ. ಕಣ್ಣಿಗೆ ಕಾಣುವ ಬಣ್ಣವನ್ನು ಕೊಡುವ ವರ್ಣದ್ರವ್ಯ, ಆ ಪುಡಿಯನ್ನು ಗೋಡೆಗೆ ಹಿಡಿದು ನಿಲ್ಲಿಸುವ ಅಂಟು, ಮೈದುಂಬಿಸುವುದಕ್ಕಾಗಿ ಸೇರಿಸುವ ಸೀಮೆಸುಣ್ಣದಂಥ ಪೂರಕ, ಇವೆಲ್ಲವನ್ನೂ ಹರಿಯುವಂತೆ ಮಾಡಿ ಕೊನೆಗೆ ತಾನು ಆರಿಹೋಗುವ ನೀರು ಅಥವಾ ಟರ್ಪೆಂಟೈನಿನಂಥ ದ್ರಾವಕ, ಎಲ್ಲ ಬಣ್ಣಗಳ ಸಂಸಾರವೂ ಇಷ್ಟೇ. ಬೆಲೆಯಲ್ಲಿಯೂ ಗುಣದಲ್ಲಿಯೂ ಇರುವ ಅಂತರದ ಬಹುಪಾಲು ಅಂಟಿನ ಜಾತಿಯನ್ನೂ ಪ್ರಮಾಣವನ್ನೂ ಅವಲಂಬಿಸಿದೆ. ಅಂಟು ಕಡಿಮೆಯಾಗಿ ಪೂರಕ ಹೆಚ್ಚಾದದ್ದು ಡಿಸ್ಟೆಂಪರ್. ಆದುದರಿಂದಲೇ ಅದಕ್ಕೆ ಬೆನ್ನು ಕೊಟ್ಟು ಕೂತವರ ಅಂಗಿಗೆ ಪುಡಿ ಹತ್ತುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಅಕ್ರಿಲಿಕ್ ಅಂಟು ಧಾರಾಳವಾಗಿರುವ ಎಮಲ್ಷನ್ ಆರಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆಯಾಗಿ ನಿಲ್ಲುವುದರಿಂದ ತೊಳೆಯಲು ಬರುತ್ತದೆ. ಅಂಟು ಹೆಚ್ಚಿದಷ್ಟೂ ಹೊಳಪು ಹೆಚ್ಚು. ಹೊಳಪು ಹೆಚ್ಚಿದಷ್ಟೂ ಕಿಟಕಿಯ ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಗೋಡೆಯ ಏರಿಳಿತಗಳೆಲ್ಲ ಎದ್ದು ಕಾಣುತ್ತವೆ. ಅಡುಗೆಮನೆಗೂ ಮಕ್ಕಳು ಓಡಾಡುವ ಓಣಿಗೂ ಸ್ವಲ್ಪ ಹೊಳಪಿನದು, ಕೈಸಾರಣೆಯ ಹಳೆಯ ಗೋಡೆಗೆ ಹೊಳಪಿಲ್ಲದ್ದು ಒಪ್ಪುವುದೆಂಬ ನಿಯಮದ ಹಿಂದಿರುವ ಕಾರಣ ಇದೇ. ಇದರ ಬಗೆಗೆ ಇನ್ನು ಹೆಚ್ಚು ಹೇಳಬೇಕಾದದ್ದಿಲ್ಲ.

ಹೇಳಬೇಕಾದದ್ದು ಬಹಳವಿರುವುದು ಸುಣ್ಣದ ವಿಷಯದಲ್ಲಿ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ, ಬಯಲುಸೀಮೆಯ ಹಳೆಯ ಊರುಗಳಲ್ಲಿಯೂ ನಮ್ಮ ಹಿರಿಯರು ಕಟ್ಟಿದ ಮನೆಗಳು ಇನ್ನೂ ಅಸಂಖ್ಯವಾಗಿ ನಿಂತಿವೆ. ಮಣ್ಣಿನದೋ ಜಂಬಿಟ್ಟಿಗೆಯದೋ ಆದ ದಪ್ಪ ಗೋಡೆ, ಅದರ ಮೇಲೆ ಅಳಲೆಕಾಯಿಯ ನೀರನ್ನೂ ಬೆಲ್ಲವನ್ನೂ ಬೆರೆಸಿ ಅರೆದ ಗಾರೆ, ಅದರ ಮೇಲೆ ವರ್ಷವರ್ಷವೂ ಬಳಿದ ಸುಣ್ಣ, ಇವು ಮೂರೂ ಪರಸ್ಪರ ಒಪ್ಪಿಕೊಂಡು ಬಾಳಿದ ವಸ್ತುಗಳು. ಸುಣ್ಣದ ಕಲ್ಲನ್ನೋ ಸಮುದ್ರದ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲವು ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದರೆ ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಆ ಸುಣ್ಣವನ್ನು ತೆಳ್ಳಗೆ ಕದಡಿ ಗೋಡೆಗೆ ಬಳಿದಾಗ, ಗಾಳಿಯಲ್ಲಿರುವ ಅದೇ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮರಳಿ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ಸುಣ್ಣ ಬಳಿಯುವುದೆಂದರೆ ಗೋಡೆಯ ಮೇಲೆ ಅತ್ಯಂತ ತೆಳುವಾದ ಕಲ್ಲಿನ ಪದರವೊಂದನ್ನು ಬೆಳೆಸುವುದು. ಆ ಕಲ್ಲಿಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳುಂಟು. ಗೋಡೆಯೊಳಗಿನ ತೇವವು ಹಬೆಯಾಗಿ ಆ ರಂಧ್ರಗಳ ಮೂಲಕ ಹೊರಕ್ಕೆ ಹೋಗುತ್ತದೆ.

ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿ ಈ ಒಪ್ಪಂದವು ಮುರಿದುಬಿದ್ದುದನ್ನು ನಾನು ಹತ್ತಿರದಿಂದ ಕಂಡೆ. ಮನೆಯ ಮಗನಿಗೆ ಮದುವೆ ನಿಶ್ಚಯವಾಗಿ, ಮನೆ ಹೊಸದಾಗಿ ಕಾಣಬೇಕೆಂಬ ಸಹಜವಾದ ಅಪೇಕ್ಷೆಯಿಂದ, ಪಡಸಾಲೆಯ ಮಣ್ಣಿನ ಗೋಡೆಗೆ ಪುಟ್ಟಿ ಎಳೆಸಿ, ಬೆಲೆಬಾಳುವ ಎಮಲ್ಷನ್ ಬಳಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲದಿಂದ ಸೊಂಟದೆತ್ತರದವರೆಗೆ ಬಣ್ಣವು ಗುಳ್ಳೆಗುಳ್ಳೆಯಾಗಿ ಉಬ್ಬಿತ್ತು. ಒಂದು ಗುಳ್ಳೆಯನ್ನು ಉಗುರಿನಿಂದ ಮೀಟಿದೆ. ಅಂಗೈಯಗಲದ ಹಾಳೆಯೊಂದು ಸಲೀಸಾಗಿ ಬಿಟ್ಟುಬಂತು. ಅದರ ಮುಂಭಾಗ ಇನ್ನೂ ನಯವಾಗಿ, ಮಾಸದೆ, ಹೊಚ್ಚಹೊಸದಾಗಿಯೇ ಇತ್ತು. ಹಿಂಭಾಗಕ್ಕೆ ಪುಟ್ಟಿಯೂ ಹಳೆಯ ಸುಣ್ಣದ ಪುಡಿಯೂ ಮೆತ್ತಿಕೊಂಡಿದ್ದವು. ಹಾಳೆ ಬಿಟ್ಟುಹೋದ ಜಾಗದಲ್ಲಿ ಗೋಡೆ ಒದ್ದೆಯಾಗಿ, ಬಿಳಿಯ ಉಪ್ಪಿನ ಸಣ್ಣ ಸಣ್ಣ ಸೂಜಿಗಳು ಎದ್ದು ನಿಂತಿದ್ದವು. ಮನೆಯವರು ಬಣ್ಣದ ಕಂಪನಿಯನ್ನು ದೂರುತ್ತಿದ್ದರು. ಬಣ್ಣದಲ್ಲಿ ದೋಷವಿರಲಿಲ್ಲ. ಬೆವರುವ ಮೈಗೆ ಮೇಣದ ಬಟ್ಟೆಯನ್ನು ಬಿಗಿಯಾಗಿ ಸುತ್ತಿದಂತೆ ಆಗಿತ್ತು, ಅಷ್ಟೆ.

ಅಂಥ ಮನೆಗಳ ಅಡಿಪಾಯದ ಮೇಲೆ, ಇಂದಿನ ಕಟ್ಟಡಗಳಲ್ಲಿರುವಂತೆ, ನೆಲದ ತೇವವನ್ನು ತಡೆಯುವ ಪದರವಿರುವುದಿಲ್ಲ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಸುತ್ತಲಿನ ಪ್ರದೇಶದಲ್ಲಿಯೂ ಮಳೆ ಧಾರಾಳ. ನೆನೆದ ನೆಲದಿಂದ ನೀರು, ಬತ್ತಿಯಲ್ಲಿ ಎಣ್ಣೆ ಏರುವ ನಿಯಮದಿಂದಲೇ, ಗೋಡೆಯ ಒಡಲಿನಲ್ಲಿ ಏರುತ್ತದೆ; ಏರುವಾಗ ಮಣ್ಣಿನ ಲವಣವನ್ನು ಕರಗಿಸಿ ತರುತ್ತದೆ. ಸುಣ್ಣದ ಗೋಡೆಯಾಗಿದ್ದರೆ ನೀರು ಮೇಲ್ಮೈಯಲ್ಲಿ ಆರಿ, ಉಪ್ಪು ಪುಡಿಯಾಗಿ ಉದುರಿ, ಮುಂದಿನ ವರ್ಷದ ಸುಣ್ಣದೊಂದಿಗೆ ಎಲ್ಲವೂ ಸರಿಹೋಗುತ್ತಿತ್ತು. ಪ್ಲಾಸ್ಟಿಕ್ ಪೊರೆ ಅಡ್ಡವಾದಾಗ ನೀರು ಅದರ ಬೆನ್ನ ಹಿಂದೆ ನಿಲ್ಲುತ್ತದೆ. ಉಪ್ಪು ಅಲ್ಲಿಯೇ ಹರಳುಗಟ್ಟಿ ಉಬ್ಬುತ್ತದೆ. ಆ ಉಬ್ಬುವಿಕೆಯ ಒತ್ತಡವನ್ನು ಯಾವ ಅಂಟೂ ತಾಳಲಾರದು. ಬಣ್ಣ ಹೋದರೆ ಹೋಗಲಿ ಎನ್ನಬಹುದು. ಆದರೆ ಒಳಗೆ ಕೂಡಿಹಾಕಲ್ಪಟ್ಟ ತೇವವು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಗೋಡೆಯೊಳಗೆ ಹೂತ ಕಂಬದ ಬುಡಕ್ಕೆ ಕುಂಬು ಹಿಡಿಸುತ್ತದೆ, ಗೆದ್ದಲನ್ನು ಕರೆಯುತ್ತದೆ. ಅಜ್ಜನ ಕಾಲದಿಂದ ನಿಂತ ಮನೆಯನ್ನು ಅಂದಗೊಳಿಸಲು ಹೋಗಿ ಅದರ ಆಯುಷ್ಯವನ್ನು ಕಡಿಮೆ ಮಾಡುವುದು ನನಗೆ ತೀರ ದುಃಖದ ಸಂಗತಿಯಾಗಿ ತೋರುತ್ತದೆ.

ಹೀಗೆ ಕೆಟ್ಟ ಗೋಡೆಗೆ ಪರಿಹಾರವಿಲ್ಲವೆಂದಲ್ಲ. ಪೊರೆಯನ್ನೂ ಪುಟ್ಟಿಯನ್ನೂ ಪೂರ್ತಿಯಾಗಿ ಕೆರೆದು ತೆಗೆಯಬೇಕು. ಏಕೆಂದರೆ ಎಮಲ್ಷನ್ನಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಸುಣ್ಣದಿಂದ ಎಮಲ್ಷನ್ನಿಗೆ ಹೋಗುವ ದಾರಿ ಸುಲಭ, ಅಲ್ಲಿಂದ ಹಿಂದಕ್ಕೆ ಬರುವ ದಾರಿ ಶ್ರಮದ್ದು. ಅನಂತರ ಒಂದು ಬೇಸಗೆಯನ್ನು ಪೂರ್ತಿಯಾಗಿ ಗೋಡೆಗೆ ಬಿಟ್ಟುಕೊಡಬೇಕು. ಉದುರಿದ ಕಡೆ ಸಿಮೆಂಟಿನಿಂದ ಮೆತ್ತದೆ ಸುಣ್ಣದ ಗಾರೆಯಿಂದಲೇ ತೇಪೆ ಹಾಕಿ, ಚೆನ್ನಾಗಿ ಅರಳಿಸಿ ಕೆಲವು ದಿನ ನೆನೆಯಲು ಬಿಟ್ಟ ಸುಣ್ಣವನ್ನು ತೆಳುಬಟ್ಟೆಯಲ್ಲಿ ಸೋಸಿ, ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳ್ಳಗೆ ಮೂರು ನಾಲ್ಕು ಸಲ ಬಳಿಯಬೇಕು. ದಪ್ಪನಾಗಿ ಒಂದೇ ಸಲ ಬಳಿದರೆ ಅದು ಸಿಪ್ಪೆ ಏಳುವುದು ನಿಶ್ಚಯ. ಸುಣ್ಣ ಅರಳಿಸುವಾಗಲೂ ಬಳಿಯುವಾಗಲೂ ಕಣ್ಣಿಗೆ ಕನ್ನಡಕವಿರಲಿ. ಹಸಿಸುಣ್ಣವು ಕಣ್ಣನ್ನು ಸುಡುವ ವಸ್ತು. ಕೆನೆಬಣ್ಣ ಬೇಕಾದರೆ ಹಳದಿ ಮಣ್ಣನ್ನೂ ಕೆಂಪಿಗೆ ಕೆಮ್ಮಣ್ಣನ್ನೂ ಬೆರೆಸಬಹುದು. ಅಂಗಡಿಯ ಎಲ್ಲ ಬಣ್ಣದ ಪುಡಿಗಳೂ ಸುಣ್ಣದ ಕ್ಷಾರವನ್ನು ತಾಳವು. ಮಣ್ಣಿನಿಂದ ಬಂದ ಬಣ್ಣಗಳು ತಾಳುತ್ತವೆ. ಉತ್ತರಕನ್ನಡದ ಹಳೆಯ ಗುಡಿಗಳ ಗೋಡೆಗಳಲ್ಲಿ, ಸುಣ್ಣದ ಗಾರೆಯ ಮೇಲೆ ಕಾವಿಯ ಪದರವನ್ನೆಳೆದು, ಅದು ಹಸಿಯಾಗಿರುವಾಗಲೇ ಕೊರೆದು ಬಿಳಿಯ ಗೆರೆಗಳನ್ನು ಹೊರತಂದ ಚಿತ್ತಾರಗಳಿವೆಯಲ್ಲ, ಅವು ಅಷ್ಟೊಂದು ಮಳೆಗಾಲಗಳನ್ನು ಕಳೆದೂ ಉಳಿದುಕೊಂಡಿರುವುದಕ್ಕೆ ಬಣ್ಣವು ಮೇಲೆ ಹಚ್ಚಿದ್ದಾಗಿರದೆ ಗಾರೆಯ ಅಂಗವೇ ಆಗಿರುವುದು ಕಾರಣ. ಸುಣ್ಣ ಪ್ರತಿವರ್ಷ ಬಳಿಯಬೇಕಾದ ಕಷ್ಟವೆಂದು ಹೇಳುವವರ ಮಾತು ಸತ್ಯವೇ. ಆದರೆ ಪ್ರತಿವರ್ಷ ಗೋಡೆಯನ್ನು ಅಂಗುಲ ಅಂಗುಲವಾಗಿ ನೋಡುವ ಅವಕಾಶವೂ ಆ ಕಷ್ಟದಲ್ಲಿಯೇ ದೊರೆಯುತ್ತಿತ್ತೆಂಬುದನ್ನು ಮರೆಯಬಾರದು.

ಸಿಮೆಂಟಿನ ಮನೆಯ ಪ್ರಶ್ನೆ ಬೇರೆ. ಅಲ್ಲಿ ಎಮಲ್ಷನ್ ನಿಶ್ಚಿಂತೆಯಾಗಿ ನಿಲ್ಲುತ್ತದೆ, ಗೋಡೆ ಒಣಗಿದ್ದರೆ. ಆ ಷರತ್ತನ್ನು ಪಾಲಿಸುವ ತಾಳ್ಮೆಯೇ ಈಗ ಅಪರೂಪವಾಗಿದೆ. ಗೃಹಪ್ರವೇಶದ ಮುಹೂರ್ತವನ್ನು ಮೊದಲು ಗೊತ್ತುಮಾಡಿ, ಸಾರಣೆಯ ನೀರಿನ್ನೂ ಆರದಿರುವಾಗ ಬಣ್ಣದವರನ್ನು ಕರೆತರುವುದು ವಾಡಿಕೆಯಾಗಿಬಿಟ್ಟಿದೆ. ಹೊಸ ಸಿಮೆಂಟು ತೀವ್ರವಾದ ಕ್ಷಾರ. ಅದರ ಮೇಲೆ ಎಣ್ಣೆಯಿಂದ ಮಾಡಿದ ಎನಾಮಲ್ ಬಳಿದರೆ, ಎಣ್ಣೆಯೂ ಕ್ಷಾರವೂ ಕೂಡಿದಾಗ ಏನಾಗಬೇಕೋ ಅದೇ ಆಗುತ್ತದೆ: ಬಣ್ಣದ ಪೊರೆಯು ಸಾಬೂನಾಗಿ ಮಾರ್ಪಟ್ಟು, ಅಂಟಂಟಾಗಿ, ಕಲೆಕಲೆಯಾಗಿ ಕೆಡುತ್ತದೆ. ಅಡುಗೆಮನೆಯ ಗೋಡೆಗೆ ತೊಳೆಯಲು ಅನುಕೂಲವೆಂದು ಎನಾಮಲ್ ಬಳಿಸುವ ಹಳೆಯ ರೂಢಿಯನ್ನು ಹೊಸ ಮನೆಗಳಲ್ಲಿ ಬಿಡುವುದೇ ಲೇಸು. ಸಾರಣೆಗೆ ನೀರು ಹಾಕುವುದು ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ, ಮಳೆಗಾಲವಾದರೆ ಅದಕ್ಕೂ ಬಹಳ ಹೆಚ್ಚು ಕಾಲ ಬಿಟ್ಟು, ಕ್ಷಾರವನ್ನು ತಡೆಯುವ ಪ್ರೈಮರನ್ನು ಮೊದಲು ಬಳಿದು, ಆಮೇಲೆ ಎಮಲ್ಷನ್ನಿಗೆ ಕೈಹಾಕಬೇಕು. ಪ್ರೈಮರಿನಲ್ಲಿ ಉಳಿತಾಯ ಮಾಡಿ ಮೇಲಿನ ಬಣ್ಣದಲ್ಲಿ ವೈಭವ ಮಾಡುವವರು ಹಣವನ್ನು ತಪ್ಪು ಜಾಗದಲ್ಲಿ ಇಟ್ಟವರು.

ಒಣಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಉಪಕರಣ ಬೇಕಾಗಿಲ್ಲ. ಅಡಿಯಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಹಿಡಿದು, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಬಿಗಿದು, ಒಂದೆರಡು ದಿನ ಬಿಟ್ಟು ನೋಡಬೇಕು. ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆಗೆ, ಹನಿ ಕೂತಿದ್ದರೆ ತೇವವು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಡುವುದೇ ಅದಕ್ಕೆ ಔಷಧ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ವಾಸಿಸುವವರು ಬಚ್ಚಲುಮನೆಗೆ ಹೊಂದಿದ ಮಲಗುವ ಕೋಣೆಯ ಗೋಡೆಯ ಬಗೆಗೆ ಪದೇಪದೇ ಬರೆಯುತ್ತಾರೆ: ವರ್ಷಕ್ಕೊಮ್ಮೆ ಬಣ್ಣ ಹೊಡೆಸಿದರೂ ಅದೇ ಜಾಗದಲ್ಲಿ ಅದೇ ಕಲೆ. ಹಾಳೆಯ ಒಳಗೆ ಹನಿ ಕಂಡರೆ ಕರೆಯಬೇಕಾದವರು ಬಣ್ಣದವರಲ್ಲ, ಕೊಳಾಯಿಯವರು. ನೆಲಹಾಸಿನ ಸಂದುಗಳನ್ನೂ ಗೋಡೆಯೊಳಗಿನ ಪೈಪನ್ನೂ ಸರಿಪಡಿಸದೆ, ತೇವ ತಡೆಯುವುದೆಂದು ಹೆಸರಿಟ್ಟು ಮಾರುವ ದುಬಾರಿ ಬಣ್ಣವನ್ನು ಒಳಗಿನಿಂದ ಬಳಿದರೆ, ಆ ಜಾಗದಲ್ಲಿ ನಿಂತ ನೀರು ಒಂದು ಅಡಿ ಆಚೆ ತಲೆಯೆತ್ತುತ್ತದೆ.

ಹೊರಗೋಡೆಗಳ ಮಾತು ಊರೂರಿಗೆ ಬೇರೆ. ಮಂಗಳೂರು, ಉಡುಪಿಗಳ ಕಡೆ ಶತ್ರು ಮಳೆ ಮತ್ತು ಪಾಚಿ. ಅಲ್ಲಿ ಬೂಷ್ಟುನಾಶಕ ಸೇರಿದ ಹೊರಾಂಗಣ ಎಮಲ್ಷನ್ನಿಗೆ ಕೊಡುವ ಹಣ ವ್ಯರ್ಥವಲ್ಲವಾದರೂ, ಅದಕ್ಕಿಂತ ಮೊದಲು ಗೋಡೆಗೆ ಮಳೆ ಬಡಿಯದಂತೆ ಸೂರನ್ನು ಎರಡಡಿ ಮುಂದಕ್ಕೆ ಚಾಚುವುದು ಯಾವ ಬಣ್ಣಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಶತ್ರು ಬಿಸಿಲು. ಗಾಢವಾದ ಕಂದು, ನೀಲಿಗಳನ್ನು ಪಶ್ಚಿಮದ ಗೋಡೆಗೆ ಬಳಿಸಿ, ಅದು ಹೀರಿದ ಕಾವನ್ನು ಇರುಳೆಲ್ಲ ಒಳಗೆ ಅನುಭವಿಸುವುದಕ್ಕಿಂತ ತಿಳಿಬಣ್ಣ ಹಿತಕರ. ತಾರಸಿಗೆ ಬೇಸಗೆಯ ಮೊದಲು ಬಿಳಿ ಸುಣ್ಣ ಬಳಿದರೆ ಕೆಳಗಿನ ಕೋಣೆಯ ತಾಪ ಇಳಿಯುವುದನ್ನು ಬರಿಗಾಲಲ್ಲಿ ತಾರಸಿಯ ಮೇಲೆ ನಿಂತವರು ಯಾರಾದರೂ ಹೇಳಬಲ್ಲರು.

ಇನ್ನು ಮರ. ಮನೆಯಲ್ಲಿ ನಾವು ಕೈಯಿಂದ ಅತಿಹೆಚ್ಚು ಮುಟ್ಟುವ ವಸ್ತು ಅದೇ ಆದುದರಿಂದಲೋ ಏನೋ, ನನಗೆ ಗೋಡೆಗಿಂತಲೂ ಹೆಚ್ಚು ಪ್ರೀತಿಯ ವಿಷಯವೂ ಅದೇ. ತೇಗ, ಬೀಟೆ, ಹೊನ್ನೆ, ಹಲಸು ಇವುಗಳ ಬಾಗಿಲು, ತೊಟ್ಟಿಲು, ಪೆಟ್ಟಿಗೆಗಳಿಗೆ ನಮ್ಮ ಬಡಗಿಗಳು ಬಹುಕಾಲದಿಂದ ಹಚ್ಚುತ್ತ ಬಂದದ್ದು ಅರಗಿನ ಪಾಲಿಷ್. ಮುತ್ತುಗ, ಸಾಗಡೆಯಂಥ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ರಾಳವನ್ನು ಶುದ್ಧಮಾಡಿ, ಚಕ್ಕೆಗಳಾಗಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಅದು ಸಿದ್ಧವಾಗುತ್ತದೆ. ಚನ್ನಪಟ್ಟಣದ ಗೊಂಬೆಗಳ ಹೊಳಪು ಈ ಅರಗಿನದೇ. ಅಲ್ಲಿ ಅದನ್ನು ಕರಗಿಸದೆ, ತಿರುಗುತ್ತಿರುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನೊತ್ತಿ, ತಿಕ್ಕಾಟದ ಬಿಸಿಯಿಂದಲೇ ಲೇಪಿಸುತ್ತಾರೆ. ಇಂದು ಮತದಾರರ ಬೆರಳಿಗಿಡುವ ಅಳಿಸಲಾಗದ ಶಾಯಿಗಾಗಿ ಪ್ರಸಿದ್ಧವಾಗಿರುವ ಮೈಸೂರಿನ ಕಾರ್ಖಾನೆಯು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದಿತ್ತು. ಅರಗು ಈ ನಾಡಿನ ಉದ್ಯಮದಲ್ಲಿ ಪಡೆದಿದ್ದ ಸ್ಥಾನಕ್ಕೆ ಆ ಹೆಸರೊಂದೇ ಸಾಕ್ಷಿ.

ಅರಗಿಗೆ ಒಂದು ದೌರ್ಬಲ್ಯ, ಒಂದು ಮಹಾಗುಣ. ಬಿಸಿ ಕಾಫಿಯ ಲೋಟವನ್ನಿಟ್ಟರೆ ಮೇಜಿನ ಮೇಲೆ ಬೆಳ್ಳನೆಯ ಉಂಗುರ ಮೂಡುತ್ತದೆ, ನೀರಿಗೂ ಶಾಖಕ್ಕೂ ಅದು ಸೋಲುತ್ತದೆ, ಇದು ದೌರ್ಬಲ್ಯ. ಆದರೆ ಹೊಸ ಕೈ ಹಚ್ಚಿದಾಗ ಅದರ ಸ್ಪಿರಿಟ್ಟು ಹಳೆಯ ಪದರವನ್ನೂ ಕರಗಿಸಿ ಒಂದು ಮಾಡಿಕೊಳ್ಳುವುದರಿಂದ ಕೆಟ್ಟಷ್ಟು ಜಾಗವನ್ನೇ ತಿದ್ದಬಹುದು, ಇಡೀ ಮೇಜನ್ನು ಕೆರೆಯಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ ಈಗ ಎಲ್ಲೆಡೆ ಪ್ರಚಾರದಲ್ಲಿರುವ ಪಿಯು (ಪಾಲಿಯುರೆಥೇನ್) ಪಾಲಿಷ್ ನೀರು, ಶಾಖ, ಗೀರು ಎಲ್ಲವನ್ನೂ ತಡೆಯುವ ಗಟ್ಟಿ ಪೊರೆ. ಊಟದ ಮೇಜಿಗೆ ಅದನ್ನೇ ನಾನು ಹೇಳುತ್ತೇನೆ. ಆದರೆ ಒಮ್ಮೆ ಅದು ಒಡೆದರೆ ತೇಪೆ ಸಲ್ಲದು, ಉಜ್ಜಿ ತೆಗೆದು ಮೊದಲಿನಿಂದ ಮಾಡಬೇಕು. ಬೆರೆಸುವ ಗಟ್ಟಿಕಾರಕದ ಹಬೆಯು ಶ್ವಾಸಕೋಶಕ್ಕೆ ಕೆಟ್ಟದ್ದಾದ ಕಾರಣ, ಸಿಂಪಡಿಸುವ ಹುಡುಗರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವುದನ್ನು ಮನೆಯ ಯಜಮಾನರು ಕಂಡೂ ಸುಮ್ಮನಿರಬಾರದು. ತಕ್ಕ ಮುಖವಾಡವನ್ನು ಒದಗಿಸುವುದು ಕೆಲಸ ಮಾಡಿಸುವವರ ಹೊಣೆಯೆಂದೇ ನನ್ನ ಭಾವನೆ. ಅಜ್ಜಿಯ ಕಾಲದ ಬೀಟೆಮರದ ಪೆಟ್ಟಿಗೆಗೆ ಪಿಯು ಹಚ್ಚಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಬಿಸಿಲು ಮಳೆಗಳಿಗೆ ಎದುರಾಗಿ ನಿಂತ ಮುಂಬಾಗಿಲಿಗೆ ಪಾರದರ್ಶಕ ವಾರ್ನಿಷ್ ಬಳಿದರೆ ಏಕೆ ಬೇಗ ಸುಲಿಯುತ್ತದೆಂದು ಕೇಳುವವರುಂಟು. ಸೂರ್ಯಕಿರಣವು ಆ ಪೊರೆಯನ್ನು ದಾಟಿ ಅದರ ಕೆಳಗಿನ ಮರದ ಮೈಯನ್ನೇ ಪುಡಿಮಾಡುತ್ತದೆ. ಹಿಡಿದುಕೊಳ್ಳಲು ಆಧಾರವಿಲ್ಲದ ವಾರ್ನಿಷ್ ಕಳಚಿಬೀಳುತ್ತದೆ. ಬೆಳಕನ್ನು ತಡೆಯುವ ಬಣ್ಣದ ಎನಾಮಲ್ ಅದೇ ಜಾಗದಲ್ಲಿ ಬಹಳ ಹೆಚ್ಚು ಕಾಲ ಬಾಳುತ್ತದೆ. ಮರದ ಎಳೆ ಕಾಣಲೇಬೇಕೆನ್ನುವವರು ಅಗಸೆ ಎಣ್ಣೆಯನ್ನು ಪೊರೆ ಕಟ್ಟದಂತೆ ತೆಳ್ಳಗೆ ಹಚ್ಚಿ, ಒರೆಸಿ, ವರ್ಷಕ್ಕೊಮ್ಮೆ ಮತ್ತೆ ಹಚ್ಚುತ್ತಿರಬೇಕು. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯುವುದು ಅಪಾಯ; ಆ ಎಣ್ಣೆಯು ಗಾಳಿಯೊಂದಿಗೆ ಕೂಡುವಾಗ ಹುಟ್ಟುವ ಕಾವಿನಿಂದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಆದುದರಿಂದ ಬಿಡಿಸಿ ಹೊರಗೆ ಹರವಬೇಕು. ಕರಾವಳಿಯವರು ದೋಣಿಗೂ ಅಟ್ಟದ ತೊಲೆಗೂ ಬಳಿಯುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ ಹುಳುವಿಗೂ ನೀರಿಗೂ ಒಳ್ಳೆಯ ತಡೆ. ಚರ್ಮಕ್ಕೆ ತಾಗಿದರೆ ಸುಡುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು, ಕೈ ತಾಗುವ ಪೀಠೋಪಕರಣಕ್ಕೆ ಹಚ್ಚಲೂ ಬಾರದು.

ಹಳೆಯ ಮನೆಯಲ್ಲಿ ಬಾಗಿಲು, ಕಿಟಕಿ, ಗ್ರಿಲ್ಲುಗಳ ಎನಾಮಲನ್ನು ಕೆರೆಯಲು ಹೊರಡುವವರಿಗೆ ಒಂದು ಮಾತು, ಮಕ್ಕಳಿರುವ ಮನೆಯಾದರೆ ಎರಡು ಬಾರಿ ಹೇಳಬೇಕಾದ ಮಾತು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗದಲ್ಲಿ 90 ಭಾಗವನ್ನು ಮೀರಕೂಡದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿತು; ಅದು 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಉಜ್ವಲವಾದ ಹಳದಿ, ಕಿತ್ತಳೆ, ಕೆಂಪು ಎನಾಮಲುಗಳಲ್ಲಿ ಸೀಸ ಹೇರಳವಾಗಿ ಇರಬಹುದಾದ್ದರಿಂದ, ಅಂಥದನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ವಿಷ. ನೀರು ಹಚ್ಚಿ ಒದ್ದೆಮಾಡಿಯೇ ಉಜ್ಜಬೇಕು. ಕೆಳಗೆ ಹಾಳೆ ಹಾಸಿ ಬಿದ್ದದ್ದನ್ನೆಲ್ಲ ಸುತ್ತಿ ತೆಗೆಯಬೇಕು, ಗುಡಿಸಬಾರದು. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಕಳುಹಿಸಬೇಕು. ಹಳೆಯ ಬಣ್ಣವು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆರೆಯದೆ ಮೇಲೆಯೇ ಹೊಸದನ್ನು ಬಳಿಯುವುದು ಕ್ಷೇಮ.

ಕೊನೆಯದಾಗಿ ಕಾಲದ ವಿಚಾರ. ಗೌರಿ ಗಣೇಶನ ಹಬ್ಬಕ್ಕೆ, ನವರಾತ್ರಿಗೆ, ದೀಪಾವಳಿಗೆ ಮನೆ ಹೊಸದಾಗಬೇಕೆಂಬ ಆಸೆ ನಮ್ಮೆಲ್ಲರದೂ ಹೌದು. ಅಂಗಡಿಯ ರಿಯಾಯಿತಿಗಳು ಬರುವುದೂ ಆಗಲೇ. ಆದರೆ ನಾಲ್ಕು ತಿಂಗಳ ಮಳೆಯನ್ನು ಕುಡಿದ ಗೋಡೆ ಆ ಹೊತ್ತಿಗೆ ವರ್ಷದಲ್ಲೇ ಅತ್ಯಂತ ಒದ್ದೆಯಾಗಿರುತ್ತದೆ. ಹಬ್ಬಕ್ಕೆ ಒಳಗಿನ ಒಣಗೋಡೆಗಳನ್ನು ತೊಳೆದು, ಬಾಗಿಲಿಗೆ ಎಣ್ಣೆ ಹಚ್ಚಿ, ಹೊಸ್ತಿಲಿಗೆ ಕೆಮ್ಮಣ್ಣಿಟ್ಟು ಮನೆಯನ್ನು ಸಿಂಗರಿಸೋಣ. ಹೊರಗೋಡೆಗೂ ನೆಲಕ್ಕೆ ಸಮೀಪವಾದ ಒಳಗೋಡೆಗೂ ಬಣ್ಣದವರನ್ನು ಸಂಕ್ರಾಂತಿ ಕಳೆದ ಮೇಲೆ ಕರೆಯಿರಿ; ಯುಗಾದಿಯೊಳಗೆ ಕೆಲಸ ಮುಗಿಸಿಕೊಳ್ಳಿ; ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಅವರು ಏಣಿ ತರುವ ವಾರದ ಮುಂಚೆಯೇ ಮಾಡಿ, ಹನಿ ಕಂಡರೆ ಅವರನ್ನು ಇನ್ನೊಂದು ತಿಂಗಳು ತಡೆದು ಬರಲು ಹೇಳಿ.